ಭೀಮಣ್ಣನವರು ಚರ್ಚೆಗೆ ಹೋಗದ ಶನಿವಾರಗಳು

ಭೀಮಣ್ಣನವರ ಮನೆಯ ಬಾಗಿಲಿಗೆ ಬಾಳೆಕಂಬ ಕಟ್ಟಿದರೆಂದರೆ ನಾಗಪುರದ ಧರಮಪೇಠದ ನಮ್ಮ ಗಲ್ಲಿಗೆಲ್ಲ ವಿಷಯ ತಿಳಿದುಬಿಡುತ್ತಿತ್ತು: ಈ ಶನಿವಾರವೂ ಅವರನ್ನು ಟಿವಿ ಚರ್ಚೆಗೆ ಕರೆದಿದ್ದಾರೆ, ಅವರು ಹೋಗುತ್ತಿಲ್ಲ. ಸಂಜೆ ಐದಕ್ಕೆ ಅತ್ತ ಕೇಬಲ್ ಚಾನೆಲಿನಲ್ಲಿ ಚರ್ಚೆ ಶುರುವಾದರೆ, ಇತ್ತ ಅವರ ಪಡಸಾಲೆಯಲ್ಲಿ ಸತ್ಯನಾರಾಯಣನ ಕತೆ ಶುರುವಾಗುತ್ತಿತ್ತು. ಗಲ್ಲಿಯವರಿಗೆಲ್ಲ ಪ್ರಸಾದವೆಂದು ತುಪ್ಪ ಜಿನುಗುವ ರವೆಯ ಶಿರಾ ಸಿಗುತ್ತಿತ್ತು. ಆ ಚಾನೆಲು ನೂರು ಕಾಲ ಬಾಳಲಿ ಎಂದು ಹರಸುತ್ತಿದ್ದವರೂ ಇದ್ದರು.

ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ನಾಗಪುರಕ್ಕೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಎದುರು ಮನೆಯೇ ಭೀಮಣ್ಣನವರದು. ವಿಜಾಪುರದ ಕಡೆಯವರು, ರೈಲ್ವೆಯಲ್ಲಿ ಟಿ.ಸಿ. ಆಗಿ ದುಡಿದು, ನಿವೃತ್ತಿಯ ನಂತರ ನಮ್ಮ ವಾರ್ಡಿನ ನಗರಸೇವಕರಾಗಿದ್ದರು, ಅಂದರೆ ಕಾರ್ಪೊರೇಟರ್. ಆರಡಿ ಆಳು, ಹೆಗಲ ಮೇಲೆ ಬಿಳಿ ಟವೆಲ್ಲು, ಗಾಡಿ ನಿಲ್ಲಿಸುವಂಥ ದನಿ. ಆದರೂ ಯಾರಾದರೂ ಎದುರು ಕೂತು ಪ್ರಶ್ನೆ ಕೇಳಿದರೆ ಸಾಕು, ಆ ದನಿ ಎಲ್ಲಿ ಇಳಿದುಹೋಗುತ್ತಿತ್ತೋ ತಿಳಿಯದು. ಜೀವಮಾನವೆಲ್ಲ ಇನ್ನೊಬ್ಬರನ್ನು ಪ್ರಶ್ನಿಸಿದವರಿಗೆ ಉತ್ತರ ಹೇಳುವ ಅಭ್ಯಾಸವೇ ಇರಲಿಲ್ಲ.

ಆ ಚಾನೆಲಿಗೆ ಅವರು ಒಮ್ಮೆ ಹೋಗಿದ್ದುಂಟು. ನಮ್ಮ ಹಿಂದಿನ ಓಣಿಗೆ ನಳದ ನೀರು ಯಾವಾಗ ಬರುತ್ತದೆ ಎಂದು ನಿರೂಪಕ ಕೇಳಿದ. “ಲವಕರಚ,” ಬೇಗನೇ ಬರುತ್ತದೆ, ಎಂದು ಇವರು ಮರಾಠಿಯಲ್ಲಿ ಗಂಭೀರವಾಗಿ ಹೇಳಿದರು. ಅಲ್ಲಿಗೆ ಮುಗಿಯಬೇಕಿತ್ತು. ಆ ಪುಣ್ಯಾತ್ಮ, “ಯಾವ ತಿಂಗಳು?” ಎಂದುಬಿಟ್ಟ. ಭೀಮಣ್ಣನವರಿಗೆ ಕೆಮ್ಮು ಬಂತು. ಎಷ್ಟು ಬಂತೆಂದರೆ ಕಾರ್ಯಕ್ರಮ ಮುಗಿಯುವವರೆಗೂ ನಿಲ್ಲಲಿಲ್ಲ.

“ಒಂದ್ ಪ್ರಶ್ನಿ ಕೇಳಾವ ಪತ್ರಕರ್ತ ರೀ. ಎರಡನೇದ್ದು ಕೇಳಾವ ವೈರಿ,” ಎಂದು ಅವರು ಮರುದಿನ ನನಗೆ ತಿಳಿಸಿದರು. ಅವರ ಪಕ್ಷವೂ ಇದನ್ನು ಅನುಮೋದಿಸಿ, ಆ ಚಾನೆಲು ಎದುರು ಪಕ್ಷದ ಕೈಗೊಂಬೆ, ಯಾರೂ ಹೋಗಕೂಡದು ಎಂದು ಅಪ್ಪಣೆ ಹೊರಡಿಸಿತು. ಎದುರು ಪಕ್ಷದವರು ಅದು ಇವರ ಕೈಗೊಂಬೆಯೆಂದು ಆಗಲೇ ಬಹಿಷ್ಕಾರ ಹಾಕಿದ್ದರು. ಊರಿನ ಇನ್ನೊಂದು ಚಾನೆಲಿಗೆ ಮಾತ್ರ ಎರಡು ಕಡೆಯವರೂ ನಗುನಗುತ್ತಾ ಹೋಗುತ್ತಿದ್ದರು. “ಸಾಹೇಬರೇ, ಇಷ್ಟೊಂದು ದುಡಿದರೂ ನಿಮಗೆ ದಣಿವೇ ಆಗುವುದಿಲ್ಲವೆ?” ಎಂಬಂಥ ಕಠಿಣ ಪ್ರಶ್ನೆಗಳನ್ನು ಅಲ್ಲಿ ಕೇಳುತ್ತಿದ್ದರು.

ಆ ಮೊದಲ ಚಾನೆಲಿನವರು ಮಾತ್ರ ಕರೆಯುವುದನ್ನು ಬಿಡಲಿಲ್ಲ; ಬರಲಾಗುವುದಿಲ್ಲ ಎಂಬ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಒಲ್ಲೆನೆಂದರೆ ಅದಕ್ಕೊಂದು ತೂಕ ಬರುತ್ತದೆಂದು ಅವರ ನಂಬಿಕೆ. ಮೊದಲ ಸಲ ನನಗೆ ತೋಚಿದಂತೆ, ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ ಎಂದು ಬರೆದೆ. ಅವರು ಓದದೆಯೇ ಸಹಿ ಹಾಕಿ, ಕಾಗದ ಕಳಿಸಿ ಬಂದು, “ಏನ್ ಕಾರಣ ಬರದೀರಿ?” ಎಂದು ಕೇಳಿದರು. ಹೇಳಿದೆ. ನೆಟ್ಟಗೆ ಒಳಗೆ ಹೋಗಿ ಹೆಂಡತಿಗೆ ರವೆ ಹುರಿಯಲು ಹೇಳಿದರು.

ನಾನು ನಕ್ಕೆ. ಅವರು ನಗಲಿಲ್ಲ. “ಮೂರ್ತಿಯವರ, ರೈಲಿನಾಗ ಮಂದಿ ಹೇಳೋ ಸುಳ್ಳೆಲ್ಲಾ ಕೇಳೇನಿ. ಸತ್ತ ಅಜ್ಜೀನ ನಾಕ್ ಸಲ ಸಾಯಿಸಿದವರನ್ನ ನೋಡೇನಿ. ನನ್ನ ಸಹಿ ಕೆಳಗ ಸುಳ್ಳು ಇರಬಾರದ್ರಿ,” ಎಂದರು. ಅಂದಿನಿಂದ ಇದೇ ಪದ್ಧತಿ: ಮೊದಲು ನೆಪ, ಆಮೇಲೆ ಆ ನೆಪಕ್ಕೆ ತಕ್ಕ ಕಾರ್ಯಕ್ರಮ. ನಾನು ಹೊಸದೇನೂ ಹುಡುಕುವ ಗೋಜಿಗೆ ಹೋಗದೆ ಪೂಜೆಯನ್ನೇ ಬರೆಯುತ್ತಿದ್ದೆ. “ಇವರು ಒಮ್ಮೆ ಹೋಗಿ ಬೈಸಿಕೊಂಡು ಬಂದ್ರ ನನಗ ರವಾ ಹುರಿಯೋದರ ತಪ್ಪತೈತಿ,” ಎಂದು ಅವರ ಹೆಂಡತಿ ಗೌರಕ್ಕ ಗೊಣಗುತ್ತಿದ್ದರು.

ಹಿಂದಿನ ಓಣಿಯ ಸಂಗತಿ ಹೀಗಿತ್ತು. ಅಲ್ಲಿಗೆ ಪೈಪು ಹೂತು ಒಂದು ವರ್ಷ ಕಳೆದಿತ್ತು. ನಮ್ಮ ರಸ್ತೆಯ ದೊಡ್ಡ ಪೈಪಿಗೆ ಅದನ್ನು ಜೋಡಿಸುವುದಷ್ಟೇ ಬಾಕಿ. ಆದರೆ ಉದ್ಘಾಟನೆಗೆ ಮುಂಬಯಿಯಿಂದ ಪಕ್ಷದ ದೊಡ್ಡ ನಾಯಕರು ಬರಬೇಕಿತ್ತು, ಅವರಿಗೆ ಬಿಡುವಿರಲಿಲ್ಲ. ಇದನ್ನು ಟಿವಿಯಲ್ಲಿ ಹೇಳುವಂತಿಲ್ಲ, ಸುಳ್ಳು ಹೇಳಲು ಭೀಮಣ್ಣನವರಿಗೆ ಬಾಯಿ ಬರದು. ಆದ್ದರಿಂದ ಶಿರಾ.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಕಮಲಾಬಾಯಿ ಅದೇ ಓಣಿಯವಳು. ಕೆಲಸ ಮುಗಿಸಿ, ನಮ್ಮ ನಳದಿಂದ ಎರಡು ಕೊಡ ತುಂಬಿಕೊಂಡು ಹೋಗುತ್ತಿದ್ದಳು. ಮೇ ತಿಂಗಳ ಒಂದು ಮಧ್ಯಾಹ್ನ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತವಳು ನಮ್ಮ ಗೇಟಿನ ಹತ್ತಿರ ಕುಸಿದು ಬಿದ್ದಳು. ನಾಗಪುರದ ಬಿಸಿಲಿಗೆ ಚೆಲ್ಲಿದ ನೀರು ನೋಡನೋಡುತ್ತ ಆರಿಹೋಯಿತು. ನೆರಳಿಗೆ ತಂದು ಮಲಗಿಸಿದೆವು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ಕೊಡ ಒಡೆಯಿತೇ ಎಂದು. ಒಳಗೆ ಗಾಳಿ ತಂಪು ಮಾಡುವ ನನ್ನ ಕೂಲರು ದಿನಕ್ಕೆ ನಾಲ್ಕು ಬಕೆಟ್ ನೀರು ಕುಡಿದು ಗುರುಗುಟ್ಟುತ್ತಿತ್ತು. ನನಗೆ ನಾಚಿಕೆಯಾಯಿತು.

ಅಂದೇ ಸಂಜೆ ಭೀಮಣ್ಣನವರು ಮುಂದಿನ ವಾರದ ಆಮಂತ್ರಣ ಹಿಡಿದು ಬಂದರು. ನಾನು ಬರೆದುಕೊಟ್ಟೆ. ಎಂದಿನಂತೆ ಸಹಿ ಹಾಕಿ, ಚಾನೆಲಿಗೆ ತಾವೇ ಮುಟ್ಟಿಸಿ ಬಂದು, “ಏನ್ ಕಾರಣ ಬರದೀರಿ?” ಎಂದರು.

“ಅದೇ ದಿನ, ಅದೇ ಹೊತ್ತಿಗೆ ಹಿಂದಿನ ಓಣಿಯ ನಳದ ಉದ್ಘಾಟನೆ ಇದೆ ಅಂತ ಬರೆದಿದ್ದೀನಿ.”

ಅವರು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಟವೆಲಿನಿಂದ ಮುಖ ಒರೆಸಿಕೊಂಡರು. “ಏನ್ ಮಾಡಿದ್ರಿ ಇದು! ದೊಡ್ಡ ಸಾಹೇಬ್ರನ್ನ ಬಿಟ್ಟು ಉದ್ಘಾಟನಾ ಮಾಡಿದ್ರ ನನ್ನ ರಾಜಕೀಯ ಖತಂ ಆತು.”

“ಕಾಗದ ವಾಪಸ್ ತರಲೇ?”

“ಹ್ಯಾಂಗ ತರತೀರಿ? ಸಹಿ ನಂದ ಐತಲ್ಲ,” ಎಂದು ಎದ್ದು ಹೋದರು.

ಆ ಒಂದು ವಾರ ಅವರು ಮನೆಯಲ್ಲಿ ಕುಳಿತದ್ದನ್ನು ನಾನು ಕಾಣೆ. ನೀರಿನ ಇಲಾಖೆಯ ಎಂಜಿನಿಯರರ ಮುಂದೆ ಬೆಳಗಿನಿಂದ ಕೂತಿರುತ್ತಿದ್ದರು. ಶನಿವಾರ ಸಂಜೆ ಐದಕ್ಕೆ ಬರೋಬರ್ ತೆಂಗಿನಕಾಯಿ ಒಡೆದು ನಳ ತಿರುಗಿಸಿದರು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಮೊದಲ ಕೊಡ ಕಮಲಾಬಾಯಿಯದು. ಸುದ್ದಿ ತಿಳಿದ ಚಾನೆಲಿನವರು ಕ್ಯಾಮೆರಾ ಹೊತ್ತು ಅಲ್ಲಿಗೇ ಓಡಿಬಂದು, ಇವರ ಬಾಯಿಗೆ ಮೈಕು ಹಿಡಿದರು. ಭೀಮಣ್ಣನವರು ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಳದ ಕಡೆ ಬೆರಳು ತೋರಿಸಿದರು.

ದೊಡ್ಡ ನಾಯಕರಿಗೆ ಆ ವಾರವೇ ಸಿಟ್ಟು ಮಾಡಿಕೊಳ್ಳಲು ಬಿಡುವಾಯಿತು. ಮುಂದಿನ ಚುನಾವಣೆಯಲ್ಲಿ ಇವರಿಗೆ ಟಿಕೆಟು ತಪ್ಪಿತು. ಗೆದ್ದವನು ಎದುರು ಪಕ್ಷದ ಒಬ್ಬ ತರುಣ ವಕೀಲ. ಅವನಿಗೆ ಯಾವ ಚಾನೆಲೂ ವೈರಿಯಲ್ಲ, ಕರೆದಲ್ಲೆಲ್ಲ ಹೋದ. ಮಾತೆಂದರೆ ಅರಳು ಹುರಿದಂತೆ. ನೀರು ಬಂದು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಿಂದಿನ ಓಣಿಯ ನಳ ನಾಲ್ಕು ದಿನಕ್ಕೊಮ್ಮೆ, ಅದೂ ಅರ್ಧ ಗಂಟೆ ತೊಟ್ಟಿಕ್ಕುವ ಹಂತಕ್ಕೆ ಬಂತು.

ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ಮುಂಚಿನ ಶನಿವಾರ ಸಂಜೆ ಹೇಳಿಹೋಗಲು ಹೋದೆ. ಅದಾಗಿ ಮೂರೇ ವರ್ಷದಲ್ಲಿ ಭೀಮಣ್ಣನವರು ತೀರಿಕೊಂಡರು, ಆದ್ದರಿಂದ ನಾನು ಅವರನ್ನು ಕಂಡದ್ದು ಅದೇ ಕೊನೆ. ಟಿವಿ ಮುಂದೆ ಕುಳಿತು, ಹಿಂದಿನ ಓಣಿಗೆ ಯಾಕೆ ನೀರು ಬರುತ್ತಿಲ್ಲ ಎಂದು ಆ ವಕೀಲ ವಿವರಿಸುವುದನ್ನು ತಲೆದೂಗುತ್ತ ಕೇಳುತ್ತಿದ್ದರು. ನಿರೂಪಕ ಐದಾರು ಪ್ರಶ್ನೆ ಕೇಳಿದ. ವಕೀಲ ಒಂದಕ್ಕೂ ತಡವರಿಸಲಿಲ್ಲ.

ನನ್ನ ಎದೆಯಲ್ಲಿದ್ದದ್ದನ್ನು ಹೇಳಿಯೇ ಬಿಟ್ಟೆ. “ನನ್ನಿಂದ ನಿಮ್ಮ ಸ್ಥಾನ ಹೋಯಿತು. ಕ್ಷಮಿಸಬೇಕು.”

“ಬಿಡ್ರಿ. ಎರಡು ವರ್ಷ ಮಂದಿ ನೀರು ಕುಡದ್ರು,” ಎಂದರು. ಹಿತ್ತಲ ಗೋಡೆಯಾಚೆಯ ಹಿಂದಿನ ಓಣಿಯಿಂದ ಖಾಲಿ ಕೊಡಗಳ ಸದ್ದು ಬಂತು. ಅವರು ಎದ್ದು, ತಮ್ಮ ಹಿತ್ತಲ ನಳಕ್ಕೆ ರಬ್ಬರ್ ಪೈಪು ಸಿಕ್ಕಿಸಿ ಅದರ ತುದಿಯನ್ನು ಗೋಡೆಯಾಚೆ ಓಣಿಗೆ ಇಳಿಬಿಟ್ಟರು. ತಿರುಗಿ ಬಂದು ಟಿವಿಯನ್ನು ಒಮ್ಮೆ ನೋಡಿದರು.

“ಏನ್ ಮಾತಾಡ್ತಾನ್ರಿ ಹುಡುಗ! ಹಿಂಗ ಮಾತಾಡಾಕ ನನಗ ಬಂದಿದ್ರ, ಮೂರ್ತಿಯವರ, ನಾನೂ ನೀರು ತರತಿರಲಿಲ್ಲ.”