ಒತ್ತಕ್ಷರಕ್ಕೆ ಜಾಗವಿಲ್ಲದ ಬೋರ್ಡು

ಕನ್ನಡದಲ್ಲಿ ಇಷ್ಟೊಂದು ಒತ್ತಕ್ಷರಗಳಿವೆ ಎಂಬುದು ನನಗೆ ಅರಿವಾದದ್ದು ಒಂದು ಸರ್ಕ್ಯೂಟ್ ಬೋರ್ಡು ಮಾಡಿ ಮುಗಿಸಿದ ಮೇಲೆ. ಅಲ್ಲಿಯವರೆಗೆ ಅವು ಅಕ್ಷರಗಳ ಕೆಳಗೆ ತಮ್ಮ ಪಾಡಿಗೆ ಕೂತಿರುತ್ತಿದ್ದವು, ನಾನು ನನ್ನ ಪಾಡಿಗೆ ಓದಿಕೊಂಡು ಹೋಗುತ್ತಿದ್ದೆ.

ಬಣಕಲ್‌ನಲ್ಲಿ ಹೆದ್ದಾರಿಯ ಪಕ್ಕ ನನ್ನ ಅಕ್ಕ, ಭಾವ ಸಣ್ಣದೊಂದು ಹೋಟೆಲ್ ನಡೆಸುತ್ತಾರೆ. ಅಕ್ಕನ ಅಕ್ಕಿ ರೊಟ್ಟಿ ತಿಂದವರು ಎರಡನೇ ಸಲ ಬಂದೇ ಬರುತ್ತಾರೆ. ಕಷ್ಟವಿರುವುದು ಮೊದಲನೇ ಸಲ ಬರುವಂತೆ ಮಾಡುವುದರಲ್ಲಿ. ಬೆಳಗಿನ ಮಂಜಿನಲ್ಲಿ ಬಣ್ಣದ ಬೋರ್ಡು ಯಾರ ಕಣ್ಣಿಗೂ ಬೀಳುವುದಿಲ್ಲ. ಘಾಟಿಯ ಕಡೆಗೆ ಹೊರಟ ಕಾರುಗಳು ಹೋಟೆಲಿನ ಮುಂದೆಯೇ ತೆವಳಿಕೊಂಡು ಹೋಗಿ ಇನ್ನೆಲ್ಲೋ ತಿಂಡಿಗೆ ನಿಲ್ಲುತ್ತವೆ.

"ಈ ವರ್ಷ ನೋಡೋದು, ಆಮೇಲೆ ಯಾರಿಗಾದ್ರೂ ವಹಿಸಿಕೊಡೋದು" ಎಂದು ಭಾವ ಒಂದು ದಿನ ಹೇಳಿದರು. ಅಕ್ಕ ಕಾವಲಿ ಒರೆಸಿದಳು.

ನಾನು ಮೂಡಿಗೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಸುಮ್ಮನಿರಲಾಗದೆ, ಎಲ್‌ಇಡಿ ಬೋರ್ಡು ನಾನೇ ಮಾಡಿಕೊಡುತ್ತೇನೆ ಎಂದೆ. ಅಂಥದ್ದು ಪೇಟೆಯಲ್ಲೇ ಸಿಗುತ್ತದಲ್ಲ ಎಂದರು ಭಾವ. ಪೇಟೆಯಲ್ಲಿ ಸಿಗುವುದನ್ನು ಕೊಳ್ಳುವುದಕ್ಕೆ ಭೌತಶಾಸ್ತ್ರ ಓದಬೇಕೆ?

ಸಾಲುಸಾಲಾಗಿ ಜೋಡಿಸಿದ ಪುಟ್ಟ ದೀಪಗಳಲ್ಲಿ ಯಾವುದು ಯಾವಾಗ ಹೊತ್ತಬೇಕೆಂದು ಹೇಳಲು ಚಿಪ್‌ಗಳಿರುತ್ತವೆ. ಅವುಗಳನ್ನು ಕೂರಿಸುವ ಬೋರ್ಡಿನ ತಾಮ್ರದ ಗೆರೆಗಳನ್ನು ಲ್ಯಾಪ್‌ಟಾಪಿನಲ್ಲಿ ನಾನೇ ಎಳೆದೆ. ಒಂದು ಗೆರೆ ಇನ್ನೊಂದನ್ನು ಮುಟ್ಟುವಂತಿಲ್ಲ. ದಾಟಲೇಬೇಕಾದರೆ ತೂತಿನಲ್ಲಿ ಇಳಿದು, ಬೋರ್ಡಿನ ಬೆನ್ನ ಮೇಲೆ ನಡೆದು, ಆಚೆ ಏಳಬೇಕು. ತೋಟದ ದಾರಿಗಾಗಿ ಮಾತುಬಿಟ್ಟ ದಾಯಾದಿಗಳು ಹೀಗೆಯೇ ಸುತ್ತಿ ಬಳಸಿ ಓಡಾಡುವುದನ್ನು ನೋಡಿ ಬೆಳೆದವಳಿಗೆ ಕೆಲಸ ಸಲೀಸಾಗಿತ್ತು.

ಬೋರ್ಡು ತಯಾರಾಗಿ ಕೊರಿಯರ್‌ನಲ್ಲಿ ಬಂತು. ಎಂಟು ಸಾಲು ದೀಪ ಕೂರಿಸಿ, ಬೆಸುಗೆ ಹಾಕಿ, ಇಂಗ್ಲಿಷಿನಲ್ಲಿ ಹೋಟೆಲ್ ಎಂದು ಬರೆಸಿದೆ. ಕೆಂಪಗೆ, ಲಕ್ಷಣವಾಗಿ ಹೊತ್ತಿತು. ಬಣಕಲ್‌ಗೆ ಹೊತ್ತೊಯ್ದೆ.

"ಕನ್ನಡದಲ್ಲಿ ಬರ್ಲಿ ಮಾರಾಯ್ತಿ" ಎಂದಳು ಅಕ್ಕ.

‘ಬಿಸಿ ಅಕ್ಕಿ ರೊಟ್ಟಿ ಸಿಗುತ್ತದೆ’ ಎಂದು ಕೊಟ್ಟೆ. ‘ಬಿಸಿ ಅಕಿ ರೊಟಿ ಸಿಗುತದೆ’ ಎಂದಿತು ಬೋರ್ಡು. ಎಂಟು ಸಾಲನ್ನೂ ಅಕ್ಷರಗಳೇ ತುಂಬಿಕೊಂಡು ಒತ್ತಿಗೆ ಕಾಲೂರಲು ಜಾಗವಿರಲಿಲ್ಲ.

"ಹಲ್ಲು ಬಿದ್ದೋರು ಓದ್ದಂಗಿದೆ" ಎಂದರು ಭಾವ.

ಹದಿನಾರು ಸಾಲಿನ ಹೊಸ ಬೋರ್ಡು ಬರುವವರೆಗೆ ಒತ್ತಿಲ್ಲದ ತಿಂಡಿಯೊಂದನ್ನು ಹುಡುಕಬೇಕಾಯಿತು. ಉಪ್ಪಿಟ್ಟು ಎರಡೆರಡು ಕಡೆ ಕೈಕೊಟ್ಟಿತು. ಪಡ್ಡು ಪಡು ಆಯಿತು. ಚಿತ್ರಾನ್ನ ‘ಚಿತಾನ’ ಆಗುತ್ತಿತ್ತು. ಅದನ್ನು ಊಟದ ಹೋಟೆಲಿನ ಮುಂದೆ ಹಾಕುವಂತಿರಲಿಲ್ಲ. ದೋಸೆ, ವಡೆಗಳಿಗೆ ಒತ್ತಿಲ್ಲ ನಿಜ, ಆದರೆ ಅವು ಎಲ್ಲ ಹೋಟೆಲಿನಲ್ಲೂ ಸಿಗುತ್ತವೆ ಎಂದು ಭಾವ ತಳ್ಳಿಹಾಕಿದರು. ಕಡೆಗೆ ಭಾವನಿಗೆ ಕಡುಬು ಹೊಳೆಯಿತು.

"ನಾನೆಲ್ಲಿ ಕಡುಬು ಮಾಡ್ತೀನಿ ಇಲ್ಲಿ?" ಎಂದಳು ಅಕ್ಕ.

"ಬೋರ್ಡಿಗೆ ಬರೋದ್ರಲ್ಲಿ ಉಳಿದಿರೋದು ಅದೊಂದೇ ಕಣೆ" ಎಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ.

ಮರುದಿನ ಮಂಜಿನೊಳಗೆ ‘ಬಿಸಿ ಕಡುಬು’ ಕೆಂಪಗೆ ಹೊತ್ತಿಕೊಂಡಿತು. ಕಳಸದ ದಾರಿ ಹಿಡಿದಿದ್ದ ವ್ಯಾನೊಂದು ಮುಂದೆ ಹೋಗಿದ್ದು ಹಿಂದಕ್ಕೆ ಬಂತು. ಅದರ ಹಿಂದೆ ಜೀಪು. ಅಕ್ಕ ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ, ಹಬೆಗಿಟ್ಟು ಬೈಯುತ್ತಲೇ ಬಡಿಸಿದಳು. ವಾರ ಕಳೆಯುವಷ್ಟರಲ್ಲಿ ಬೈಯುವುದಕ್ಕೂ ಪುರುಸೊತ್ತು ಇರಲಿಲ್ಲ.

ಹೊಸ ಬೋರ್ಡು ಬಂತು. ಅಕ್ಕಿಗೂ ರೊಟ್ಟಿಗೂ ಒತ್ತು ಸರಿಯಾಗಿ ಕೂತಿತು. ಕಡುಬಿನ ಬೋರ್ಡು ಇಳಿಸಲು ಏಣಿ ಹತ್ತಿದೆ. ಒಳಗೆ ಕೂತಿದ್ದ ಬಸ್ ಡ್ರೈವರ್ ಒಬ್ಬರು, "ಯಾಕ್ರೀ ಮೇಡಂ, ಕಡುಬು ನಿಲ್ಲಿಸ್ತೀರಾ?" ಎಂದು ಎಷ್ಟು ಸಂಕಟದಿಂದ ಕೇಳಿದರೆಂದರೆ, ಸುಮ್ಮನೆ ಇಳಿದು ಬಂದೆ. ಈಗ ಎರಡು ಬೋರ್ಡು, ಎರಡು ತಿಂಡಿ. ಹೋಟೆಲ್ ವಹಿಸಿಕೊಡುವ ಮಾತನ್ನು ಭಾವ ಮತ್ತೆ ಎತ್ತಿಲ್ಲ.

ಹೋದ ವಾರ ಅಕ್ಕ ಫೋನ್ ಮಾಡಿದಳು. "ಆ ದೊಡ್ಡ ಬೋರ್ಡಲ್ಲಿ ಏನ್ ಬೇಕಾದ್ರೂ ಬರುತ್ತಾ?"

"ಏನ್ ಬೇಕಾದ್ರೂ" ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ಸೋಮವಾರ ಮುಚ್ಚಿದೆ ಅಂತ ಹಾಕು. ಒಂದಿನ ಕೂತ್ಕೊಂಡು ಬೇರೆಯವ್ರು ಮಾಡಿದ್ದು ತಿನ್ಬೇಕು."

ಹಾಕಿದೆ. ಸೋಮವಾರ ಅವಳು ನಮ್ಮ ಮನೆಗೆ ಬಂದು ಕಾಲು ಚಾಚಿ ಕೂತಳು. ನಾನು ಅನ್ನ, ಸಾರು ಮಾಡಿದೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅಕ್ಕ ಎರಡು ಸಲ ಹಾಕಿಸಿಕೊಂಡು ಉಂಡಳು.