ಕುಂಕುಮ ಅಳಿಯದ ನಟ್ಟುಗಳು

ಯಂಕಣ್ಣ, ಆ ದಿನ ನಾನು ನಟ್ಟುಗಳನ್ನು ಮತ್ತೆ ಬಿಗಿದಿರಲಿಲ್ಲ. ಬಿಗಿದಿದ್ದೇನೆ ಎಂದು ನಿನಗೆ ಹೇಳಿದ್ದು ಸುಳ್ಳು. ಲಾರಿ ಮಗುಚಿದ್ದು ನಿನ್ನ ಕೈಯ ತಪ್ಪಿನಿಂದಲ್ಲ, ನನ್ನ ಆ ಸುಳ್ಳಿನಿಂದ. ಇಷ್ಟನ್ನು ಬರೆಯಲು ವರ್ಷಗಳೇ ಬೇಕಾದವು — ಬರೆದ ಮೇಲೆ ನೋಡಿದರೆ ನಾಲ್ಕು ಸಾಲೂ ಆಗಿಲ್ಲ.

ಯುದ್ಧದ ಕಾಲ ಅದು. ನಮ್ಮ ಮನೆಗೆ ಇದ್ದದ್ದು ಒಂದೇ ಲಾರಿ. ಸಂಡೂರಿನಲ್ಲಿ ಅದಿರು ತುಂಬಿಕೊಂಡು ಹೊಸಪೇಟೆ ಸ್ಟೇಷನ್ನಿನಲ್ಲಿ ಸುರಿಯುವುದು ಅದರ ಕೆಲಸ, ಓಡಿಸುವವನು ನೀನು. ಭಾರ ಹೊರುವ ಮುಂದಿನ ಬಲಗಡೆಯ ಕಮಾನು ಪಟ್ಟಿ ಮುರಿದಾಗ ಅಪ್ಪ ಬಳ್ಳಾರಿಗೆ ಕಳಿಸೋಣ ಎಂದರು. ಯಾಕೆ, ಮನೆಯಲ್ಲೇ ಆಗುತ್ತದೆ ಎಂದವನು ನಾನು. ಮದರಾಸಿನಲ್ಲಿ ಮೋಟಾರು ಕೆಲಸ ಕಲಿತು ಬಂದ ಹೊಸತು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮನೆ ಮುಂದಿನ ಬೇವಿನ ಮರದ ಕೆಳಗೆ ಲಾರಿಯ ಮೂತಿಯನ್ನು ಜಾಕಿನಿಂದ ಎತ್ತಿ, ಅಡಿಯಲ್ಲಿ ಕಲ್ಲು ಕೊಟ್ಟು ನಿಲ್ಲಿಸಿದೆವು. ಮುರಿದ ಪಟ್ಟಿ ಕಳಚಿ ಹೊಸದನ್ನು ಕೂಡಿಸಿದೆವು. ಪಟ್ಟಿಯನ್ನು ಗಾಲಿಯ ಅಚ್ಚಿಗೆ ಅವುಚಿ ಹಿಡಿಯುವ ಬೋಲ್ಟುಗಳಿರುತ್ತವಲ್ಲ, ಅವುಗಳ ನಟ್ಟು ಬಿಗಿಯುತ್ತ ನಿನಗೆ ಪಾಠ ಹೇಳಿದವನೂ ನಾನೇ. ಹೊಸ ಪಟ್ಟಿ ಭಾರಕ್ಕೆ ಕೂತಮೇಲೆ ಬೋಲ್ಟು ಸಡಿಲಾಗುತ್ತವೆ, ಖಾಲಿ ಗಾಡಿ ಒಂದು ಸುತ್ತು ಓಡಿಸಿ ಬಂದು ಮತ್ತೆ ಬಿಗಿಯಲೇಬೇಕು, ಇಲ್ಲದಿದ್ದರೆ ಪಟ್ಟಿ ಜಾರಿ ಅಚ್ಚು ಓರೆಯಾಗುತ್ತದೆ ಎಂದಿದ್ದೆ. ನೀನು ತಲೆಯಾಡಿಸಿ ಕೇಳಿದ್ದೆ. ತಿಳಿಯದೆ ಆದ ತಪ್ಪು ಎಂದು ನಾನು ಇವತ್ತು ಹೇಳುವಂತಿಲ್ಲ.

ಕೆಲಸ ಮುಗಿದಾಗ ಅವ್ವ ಆರತಿ ತಟ್ಟೆ ತಂದಳು. ಗಾಲಿಗೆ ನಿಂಬೆಹಣ್ಣು ಇಟ್ಟಳು, ಬಾನೆಟ್ಟಿಗೆ ವಿಭೂತಿ ಹಚ್ಚಿದಳು. ನಾವು ಕೈಯಿಟ್ಟ ನಟ್ಟುಗಳನ್ನೆಲ್ಲ ಕೇಳಿ ಕೇಳಿ, ಬಗ್ಗಿ, ಒಂದೊಂದಕ್ಕೂ ಕುಂಕುಮದ ಬೊಟ್ಟು ಇಟ್ಟಳು. ನೀನು ಮರಿಯಮ್ಮನಹಳ್ಳಿ ದಾರಿಯಲ್ಲಿ ಒಂದು ಸುತ್ತು ಓಡಿಸಿ ತಂದೆ. ನಟ್ಟು ಬಿಗಿಯಲು ನಾನು ಪಾನಾ ಹಿಡಿದು ಹೊರಟಾಗ ಅವ್ವ ತಡೆದಳು.

"ಪೂಜಿ ಆಗೇತಿ, ಇವತ್ತ ಮತ್ತ ಪಾನಾ ಹಚ್ಚಬ್ಯಾಡಪ. ಬೊಟ್ಟು ಅಳಿಸಬಾರದು."

ತಪ್ಪನ್ನು ಅವ್ವನ ತಲೆಗೆ ಕಟ್ಟಲಾರೆ. ಇದು ಬೇಕೇ ಬೇಕು ಎಂದು ಒಂದು ಮಾತು ಹೇಳಿದ್ದರೆ ಒಪ್ಪುತ್ತಿದ್ದಳು. ಬೊಟ್ಟು ಮತ್ತೆ ಇಟ್ಟರಾಯಿತು. ನಿಜ ಬೇರೆ — ಆ ಮಧ್ಯಾಹ್ನ ಕಂಪ್ಲಿಯಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ನೀನು ಲಾರಿ ತಿರುಗಿಸಿ ತರುವಷ್ಟರಲ್ಲಿ ನಾನು ಸ್ನಾನ ಮಾಡಿ ಬಿಳಿ ಧೋತರ ಉಟ್ಟಿದ್ದೆ. ಅದನ್ನುಟ್ಟು ಲಾರಿಯ ಕೆಳಗೆ ಮಲಗಲು ನನಗೆ ಮನಸ್ಸಿರಲಿಲ್ಲ. ಅವ್ವನ ಮಾತು ಕೇಳಿ ನಿಜಕ್ಕೂ ಖುಷಿಯಾಯಿತು.

ನೀನು ಜಗಲಿಯಲ್ಲಿ ಊಟಕ್ಕೆ ಕೂತಿದ್ದೆ. ಜೋಳದ ರೊಟ್ಟಿ ಮುರಿಯುತ್ತ ಕೇಳಿದೆ: "ಸಣ್ಣ ಸಾವ್ಕಾರ್ರ, ನಟ್ಟು ಮತ್ತ ಬಿಗದ್ರೇನ್ರಿ?"

"ಬಿಗದೀನಿ. ನೀ ಉಣ್ಣು."

ನೀನು ಉಂಡೆ. ಎದ್ದು ಕೈ ತೊಳೆದು ಸಂಡೂರಿಗೆ ಹೋದೆ. ಬಗ್ಗಿ ಕೂಡ ನೋಡಲಿಲ್ಲ — ನೋಡಿದ್ದರೆ ನನ್ನ ಮಾತಿಗೆ ಬೆಲೆ ಕೊಡದಂತಾಗುತ್ತದೆ ಎಂದುಕೊಂಡೆಯೋ ಏನೋ.

ಬಂದವರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಸುದ್ದಿ ಬಂತು. ಬೇರೆಯವರ ಅದಿರಿನ ಲಾರಿ ಹತ್ತಿ ನಾನು ಅಲ್ಲಿಗೆ ಹೋದೆ. ಸಂಡೂರಿನ ಗುಡ್ಡ ಇಳಿಯುವ ತಿರುವಿನಲ್ಲಿ ನಮ್ಮ ಲಾರಿ ಮಗ್ಗುಲಾಗಿ ಬಿದ್ದಿತ್ತು. ನಿನ್ನನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಜನ ರಸ್ತೆಯಲ್ಲಿ ಚೆಲ್ಲಿದ ಅದಿರನ್ನು ನೋಡುತ್ತಿದ್ದರು, ನಾನು ಮುಂದಿನ ಅಚ್ಚನ್ನು ನೋಡಿದೆ. ಅಚ್ಚು ಓರೆಯಾಗಿ ಹಿಂದೆ ಸರಿದಿತ್ತು. ಎಲ್ಲೆಲ್ಲೂ ಧೂಳು, ಗ್ರೀಸು. ಅದರ ನಡುವೆ ನಟ್ಟುಗಳ ಮೇಲೆ ಅವ್ವ ಇಟ್ಟ ಬೊಟ್ಟುಗಳು ಹಾಗೇ ಇದ್ದವು. ಒಂದು ಸಲ ಪಾನಾ ತಾಗಿದ್ದರೂ ಅಳಿಸಿಹೋಗಬೇಕಿದ್ದ ಬೊಟ್ಟುಗಳು.

ಧೋತರದ ಚುಂಗಿನಿಂದ ಅವನ್ನು ಒರೆಸಿದೆ. ಒಂದನ್ನೂ ಬಿಡಲಿಲ್ಲ, ಯಂಕಣ್ಣ. ನೀನು ಬದುಕಿದ್ದೀಯೋ ಇಲ್ಲವೋ ಎಂದು ಕೇಳುವ ಮೊದಲು ಅವನ್ನು ಒರೆಸಿದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ. ಮನೆಗೆ ಬಂದಾಗ ಅವ್ವ ಧೋತರದ ಕೆಂಪು ನೋಡಿ ಯಂಕಣ್ಣನ ರಕ್ತವೇ ಎಂದು ಅತ್ತಳು. ನಾನು ಹೂಂ ಎಂದೆ.

ನಿನ್ನ ಮುರಿದ ಕಾಲಿನ ಮೂಳೆ ಕೂಡಿದ ಮೇಲೆ ಅಪ್ಪ ಎಲ್ಲರೆದುರಿಗೆ ಕೇಳಿದರು, ಏನಾಯಿತೆಂದು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನೀನು ನನ್ನ ಕಡೆ ಕೈ ತೋರಿಸಿ ಅಂದೆ: "ಗಾಡ್ಯಾಗ ಏನೂ ದೋಷ ಇರಲಿಲ್ರಿ. ಸಣ್ಣ ಸಾವ್ಕಾರ್ರು ತಾವ ನಟ್ಟು ಬಿಗದಿದ್ರು. ನನ್ನ ಕೈನ ತಪ್ಪೇತ್ರಿ."

ಆಗ ಬಾಯಿ ತೆರೆಯಬಹುದಿತ್ತು. ಕಂಪ್ಲಿಯವರು ಇನ್ನೂ ಒಪ್ಪಿಗೆ ಹೇಳಿರಲಿಲ್ಲ, ಅಪ್ಪ ಎದುರಿಗಿದ್ದರು — ಇಲ್ಲ, ಇವೆಲ್ಲ ಬೇಡ. ಬಾಯಿ ತೆರೆಯಲಿಲ್ಲ, ಅಷ್ಟೇ.

ಆಮೇಲೆ ನೀನು ಸ್ಟಿಯರಿಂಗ್ ಮುಟ್ಟಲಿಲ್ಲ. ಕೆಲಸಕ್ಕೆ ಕರೆದಾಗ "ನನ್ನ ಕೈ ನಂಬಬ್ಯಾಡ್ರಿ" ಎಂದೆ. ನಿಮ್ಮೂರು ಕಡ್ಡಿರಾಂಪುರದಲ್ಲಿ ನಿನ್ನ ಬಂಡಿಯನ್ನು ಕಂಡಿದ್ದೇನೆ. ಎತ್ತಿನ ಹಗ್ಗ ನಿನ್ನ ಹೆಂಡತಿಯ ಕೈಯಲ್ಲಿ, ನೀನು ಪಕ್ಕದಲ್ಲಿ ಕುಂಟುತ್ತ ನಡೆಯುತ್ತೀ. ಒಂದು ದಿನವೂ ಬಿಡದೆ ಲಾರಿ ಓಡಿಸಿದ್ದ ಮನುಷ್ಯ. ನಾನು ಮುಖ ತಿರುಗಿಸಿ ಹೋಗಿದ್ದೇನೆ, ಒಮ್ಮೆಯಲ್ಲ.

ಮೊನ್ನೆ ನಿನ್ನ ಮಗ ನಮ್ಮ ಮನೆಗೆ ಬಂದಿದ್ದ. ಲಾರಿ ಕಲಿಯಬೇಕಂತೆ, ನೀನು ಬಿಡುತ್ತಿಲ್ಲವಂತೆ. "ನಮ್ಮ ಮಂದಿ ಕೈಗೆ ಅದು ಆಗಿಬರಂಗಿಲ್ಲ ಅಂತಾನ್ರಿ ಅಪ್ಪ, ನೀವರ ಹೇಳ್ರಿ" ಎಂದ. ನನ್ನನ್ನೇ ಕೇಳಿದ! ಅವನಿಗೆ ಚಹಾ ಕೊಟ್ಟು ಕಳಿಸಿದೆ. ನನ್ನ ಲೋಟದ ಚಹಾ ಹಾಗೇ ಆರಿತು.

ಈ ಕಾಗದವನ್ನು ಅವನ ಕೈಯಲ್ಲಿ ಕಳಿಸಿ ತಪ್ಪಿಸಿಕೊಳ್ಳುವುದಿಲ್ಲ. ನಾಲಿಗೆ ಹಿಂಜರಿಯದಿರಲಿ ಎಂದು ಬರೆದುಕೊಂಡಿದ್ದೇನೆ, ಅಷ್ಟೇ. ನಾಳೆ ಕಡ್ಡಿರಾಂಪುರಕ್ಕೆ ಬರುತ್ತೇನೆ. ನಿನ್ನ ಹೆಂಡತಿ ಬಂದವರಿಗೆ ಇಡುವಂತೆ ಊಟದ ತಾಟು ಇಟ್ಟಾಳು, ನೀನು "ಉಣ್ರಿ" ಎಂದೀಯೆ. ರೊಟ್ಟಿಗೆ ಕೈ ಹಾಕುವ ಮೊದಲು, ನಿನ್ನ ಮಗನ ಎದುರಿಗೆ ಹೇಳುತ್ತೇನೆ: ಬಿಗಿದಿರಲಿಲ್ಲ, ಯಂಕಣ್ಣ. ನಿನ್ನ ಕೈ ತಪ್ಪಿರಲಿಲ್ಲ. ಆಮೇಲೆ ನೀನು ನನ್ನ ಮುಂದಿನ ತಾಟು ಎತ್ತಿಕೊಂಡರೆ, ಎತ್ತಿಕೋ.