ಕುಗ್ಗದೆ ಉಳಿದ ಹೆಬ್ಬೆಟ್ಟು

ಇಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಪಾತ್ರೆ ತೊಳೆಯುತ್ತಲೇ ಕೇಳಿ ಮರೆತುಬಿಡುತ್ತಿದ್ದೆ. ನಂಬುವ ಸ್ವಭಾವ ನನ್ನದಲ್ಲ. ನೀವು ನಂಬಲೇಬೇಕೆಂದೂ ಬರೆಯುತ್ತಿಲ್ಲ.

ಚಳ್ಳಕೆರೆಯ ಹೊರಗೆ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಮೊಳಕಾಲ್ಮುರು ಕಡೆಯ ರೇಷ್ಮೆ ನೂಲು ಸುತ್ತುವ ಯಂತ್ರಗಳಿಗೆ ಎಳೆ ಹಾಯಲು ಸೆರಾಮಿಕ್ ಉಂಗುರ ಮಾಡುತ್ತಿದ್ದೆವು. ರಾಗಿಹಿಟ್ಟಿಗಿಂತ ನುಣ್ಣಗಿನ ಪುಡಿಗೆ ಅಂಟು ಕಲಸಿ ಅಚ್ಚಿನಲ್ಲಿ ಒತ್ತುವುದು, ಫರ್ನೇಸಿನಲ್ಲಿ ನಿಧಾನವಾಗಿ ಕಾಯಿಸುವುದು. ಪುಡಿ ಕರಗುವುದಿಲ್ಲ; ಕಾವಿಗೆ ಕಣ ಕಣ ಬೆಸೆದುಕೊಂಡು ಕಲ್ಲಿನಂತಾಗುತ್ತದೆ. ಯಜಮಾನರು ಇದನ್ನು ಸಿಂಟರಿಂಗ್ ಎನ್ನುತ್ತಿದ್ದರು. ಹಾಗೆ ಬೆಸೆಯುವಾಗ ಮಾಲು ಐದರಲ್ಲೊಂದು ಪಾಲು ಕುಗ್ಗುತ್ತದೆ. ಯಾರ ಟ್ರೇ ಎಂದು ತಿಳಿಯಲು ಪ್ರತಿ ಟ್ರೇಯಲ್ಲಿ ಒಂದು ಹಸಿ ಬಿಲ್ಲೆ ಇಟ್ಟು ಹೆಬ್ಬೆಟ್ಟು ಒತ್ತುತ್ತಿದ್ದೆವು. ಸುಟ್ಟು ಬಂದಾಗ ನಮ್ಮ ಗುರುತು ಹತ್ತು ವರ್ಷದ ಹುಡುಗಿಯ ಬೆರಳಿನಷ್ಟಾಗಿರುತ್ತಿತ್ತು.

ಹೊಸ ಪುಡಿ ಬಂದ ಮೇಲೆ ಎಲ್ಲವೂ ಬಿರುಕು ಬಿಡತೊಡಗಿತು. "ಇದೊಂದು ಸಲ ನೋಡಾನ ಕಣಮ್ಮ. ಇದೂ ಹೋದ್ರೆ ಬೀಗ ಹಾಕ್ತೀನಿ," ಎಂದರು ಯಜಮಾನರು. ಆ ಸಲದ ಆರೂ ಟ್ರೇಗಳ ಉಂಗುರಗಳನ್ನೂ ಬಿಲ್ಲೆಗಳನ್ನೂ ನಾನೊಬ್ಬಳೇ ಒತ್ತಿದೆ. ಜೊತೆಗಾತಿ ತಿಪ್ಪಕ್ಕ ಉಬ್ಬಸ ಬಂದು ತಿಂಗಳಿಂದ ದೇವಸಮುದ್ರದ ಮನೆಯಲ್ಲಿ ಮಲಗಿದ್ದಳು. ಮತ್ತೆ ಕೆಲಸಕ್ಕೆ ಬರುವುದೊಂದೇ ಅವಳ ಆಸೆ.

ಮೂರನೇ ದಿನ ಬೆಳಿಗ್ಗೆ ಫರ್ನೇಸ್ ತೆಗೆದೆವು. ಉಂಗುರಗಳೆಲ್ಲ ಸೀಳಿಹೋಗಿದ್ದವು, ಐದು ಬಿಲ್ಲೆಗಳೂ ಸೀಳಿಹೋಗಿದ್ದವು. ಆರನೆಯದು ಇಡಿಯಾಗಿತ್ತು. ಬಿಲ್ಲೆ ಕುಗ್ಗಿತ್ತು, ಅದರ ಮೇಲಿನ ಹೆಬ್ಬೆಟ್ಟು ಮಾತ್ರ ದೊಡ್ಡವರ ಬೆರಳಿನಷ್ಟೇ ಇತ್ತು, ನಡುವೆ ಕುಡುಗೋಲು ತಾಗಿದ ಗೆರೆ. ನನ್ನ ಬೆರಳಿನಲ್ಲಿ ಅಂಥ ಗೆರೆಯಿಲ್ಲ, ತಿಪ್ಪಕ್ಕನ ಬೆರಳಿನಲ್ಲಿದೆ.

ಮಧ್ಯಾಹ್ನದ ಬಸ್ಸಿಗೆ ದೇವಸಮುದ್ರಕ್ಕೆ ಹೋದೆ. ತಿಪ್ಪಕ್ಕ ಬಿಲ್ಲೆಯ ಮೇಲೆ ಹೆಬ್ಬೆಟ್ಟಿಟ್ಟಳು. ಗೆರೆಗೆ ಗೆರೆ ಕೂತಿತು.

"ನಾನು ಒತ್ತೇ ಇಲ್ವಲ್ಲೇ! ಸುಟ್ಟ ಮ್ಯಾಲೆ ಇಷ್ಟಗಲ ಎಲ್ಲಿರ್ತೈತೆ?"

"ನಂಗೂ ತಿಳೀವಲ್ದು ಕಣಕ್ಕ."

"ನಾನಿಲ್ಲಿ ದಿನಾ ಸೊರಗ್ತೀನಿ, ನನ್ನ ಬೆರಳು ಅಲ್ಲಿ ಹೋಗಿ ಕೊಬ್ಬೈತೆ ನೋಡು," ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದಳು, "ಉಂಗುರ ಎಷ್ಟು ಬಂದ್ವು?"

"ಒಂದೂ ಇಲ್ಲ."

ಅವಳು ಬಿಲ್ಲೆಯನ್ನು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ಹಳೆಯ ಬಿಲ್ಲೆ ಸೇರಿಕೊಂಡಿರಬಹುದು ಎಂದರು ಯಜಮಾನರು, ಬೀಗ ಹಾಕುತ್ತಾ. ಹಳೆಯದಾದರೆ ಗುರುತು ಕುಗ್ಗಿರಬೇಕಿತ್ತು. ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಆಮೇಲೆ ಎರಡು ಸಲ ದೇವಸಮುದ್ರಕ್ಕೆ ಹೋಗಿದ್ದೆ. ತಿಪ್ಪಕ್ಕ ಬಿಲ್ಲೆಯ ಸುದ್ದಿ ಎತ್ತಲಿಲ್ಲ. ಕೆಲಸಕ್ಕೆ ಬರ್ತೀನಿ ಎಂಬ ಮಾತನ್ನೂ ಆಡಲಿಲ್ಲ.